ಇಪ್ಪತ್ತು ರೂಪಾಯಿಯ ಸ್ವಿಚ್ಚು

ಫೋನೋ ಪ್ರೀಆಂಪ್ ಒಳಗೆ ಬದಲಾಯಿಸಬೇಕಾದ್ದು ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. ಬೇಕಾದಷ್ಟಿದೆ. ಆದರೆ ಬೆಂಗಳೂರಿನಲ್ಲಿ ಈಗ ‘ಮಾಡ್’ ಅನ್ನೋ ಹೆಸರಲ್ಲಿ ಜನರಿಂದ ದುಡ್ಡು ಇಸ್ಕೊಂಡು ಏನೇನು ಬದಲಾಯಿಸ್ತಿದ್ದಾರೋ, ಅದರಲ್ಲಿ ಮುಕ್ಕಾಲು ಪಾಲನ್ನು ಮುಟ್ಟೋ ಅಗತ್ಯವೇ ಇರಲಿಲ್ಲ. ಮುಟ್ಟಬೇಕಾಗಿದ್ದನ್ನು ಯಾರೂ ಮುಟ್ಟುತ್ತಿಲ್ಲ. ನನ್ನ ಜಗಳ ಇರೋದು ಅದರ ಜೊತೆಗೆ.

ಈ ಡಬ್ಬಿ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲೇಟಿನ ಗೆರೆಯಲ್ಲಿ ಸೂಜಿ ಓಡಿದಾಗ ಕಾರ್ಟ್ರಿಡ್ಜ್‌ನಿಂದ ಹೊರಡೋ ಸಿಗ್ನಲ್ಲು ಬಹಳ ಬಡಪಾಯಿ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಆದರೆ 3ರಿಂದ 5 ಮಿಲಿವೋಲ್ಟ್, ಅಷ್ಟೇ. ಅದನ್ನು ನೂರು ಪಟ್ಟು ದೊಡ್ಡದು ಮಾಡೋದು ಫೋನೋ ಪ್ರೀಆಂಪಿನ ಮೊದಲ ಕೆಲಸ. ಎರಡನೇ ಕೆಲಸ ಅದಕ್ಕಿಂತ ಮುಖ್ಯ. ತಗ್ಗು ಸ್ವರವನ್ನು ಇದ್ದ ಹಾಗೇ ಕೊರೆದರೆ ಗೆರೆ ಅಡ್ಡಡ್ಡ ಓಲಾಡಿ ಪಕ್ಕದ ಗೆರೆಯ ಹೊಲಕ್ಕೆ ನುಗ್ಗುತ್ತೆ. ಅದಕ್ಕೇ ಕೊರೆಯುವಾಗ ಅದನ್ನು ಕುಗ್ಗಿಸ್ತಾರೆ. ಏರು ಸ್ವರ ಪ್ಲೇಟಿನ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತೆ, ಅದನ್ನು ಹಿಗ್ಗಿಸ್ತಾರೆ. ಕೇಳುವಾಗ ಇವೆರಡನ್ನೂ ಉಲ್ಟಾ ಮಾಡಿ ಸರಿದೂಗಿಸಬೇಕು. ಎಷ್ಟು ಕುಗ್ಗಿಸೋದು, ಎಷ್ಟು ಹಿಗ್ಗಿಸೋದು ಅನ್ನೋದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಒಂದು ಲೆಕ್ಕ ಗೊತ್ತುಮಾಡಿತು. ಅದೇ ಆರ್‌ಐಎಎ ಕರ್ವ್. 3180, 318, 75 ಮೈಕ್ರೊಸೆಕೆಂಡ್. ಈ ಮೂರು ಸಂಖ್ಯೆಯಲ್ಲಿ ಅದರ ಪೂರ್ತಿ ಜಾತಕ ಇದೆ. 20 ಹರ್ಟ್ಜ್‌ಗೂ 20 ಸಾವಿರ ಹರ್ಟ್ಜ್‌ಗೂ ನಡುವೆ ಪ್ರೀಆಂಪ್ ಮಾಡೋ ತಾರತಮ್ಯ ಸುಮಾರು 39 ಡೆಸಿಬಲ್, ಅಂದ್ರೆ ತೊಂಬತ್ತರ ಹತ್ತಿರ ಪಟ್ಟು. ಮನೆಯ ಸೌಂಡ್ ಸಿಸ್ಟಮ್ಮಿನಲ್ಲಿ ಬೇರೆ ಯಾವ ಡಬ್ಬಿಯೂ ಸಂಗೀತವನ್ನು ಇಷ್ಟೊಂದು ತಿರುಚೋದಿಲ್ಲ. ಆದ್ದರಿಂದ ತಪ್ಪಾದರೆ ಇಲ್ಲೇ ಆಗೋದು, ಸುಧಾರಿಸಿದರೂ ಇಲ್ಲೇ.

ಈಗ ಮಾಡ್ ವಿಷಯ. ನನ್ನ ಸಹೋದ್ಯೋಗಿಯೊಬ್ಬ ತನ್ನ ಸಾಧಾರಣ ಪ್ರೀಆಂಪನ್ನು ಇಂಥವರೊಬ್ಬರ ಹತ್ತಿರ ಕೊಟ್ಟ. ಹೆಸರು ಬೇಡ. ಹದಿನೆಂಟು ಸಾವಿರದ ಬಿಲ್ಲು. ಪಟ್ಟಿ ನೋಡಿದೆ. ಹಳೇ ಐಸಿ ತೆಗೆದು ಸಾಕೆಟ್ ಕೂರಿಸಿ ದುಬಾರಿ ಐಸಿ. ‘ಆಡಿಯೋ ಗ್ರೇಡ್’ ಕೆಪಾಸಿಟರ್ ಆರು. ಒಳಗೆ ಬೆಳ್ಳಿ ಲೇಪದ ತಂತಿ, ಹಿಂದೆ ಚಿನ್ನದ ಬಣ್ಣದ ಸಾಕೆಟ್ಟು. ಕೊನೆಗೆ ಒಂದು ಸೂಚನೆ: 200 ಗಂಟೆ ಓಡಿಸಿದ ಮೇಲೆ ನಿಜವಾದ ದನಿ ತೆರೆದುಕೊಳ್ಳುತ್ತೆ. ಈ 200 ಗಂಟೆ ಅನ್ನೋದು ಒಳ್ಳೇ ಯುಕ್ತಿ ಮಾರಾಯ್ರೆ. ದಿನಕ್ಕೆ ಎರಡು ಗಂಟೆ ಕೇಳಿದರೆ ಮೂರು ತಿಂಗಳ ಮೇಲಾಯ್ತು. ಅಷ್ಟೊತ್ತಿಗೆ ಹಳೇ ದನಿ ಹೇಗಿತ್ತು ಅನ್ನೋದೇ ಮರೆತುಹೋಗಿರುತ್ತೆ. ಕೊಟ್ಟ ದುಡ್ಡು ಮಾತ್ರ ನೆನಪಿರುತ್ತೆ.

ಆ ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದು ನನ್ನನ್ನು ಕೆರಳಿಸಿತು. ನಿನ್ನ ಕಾರ್ಟ್ರಿಡ್ಜ್ ಯಾವುದು ಅಂತ ಅವರು ಕೇಳಿರಲಿಲ್ಲ. ಟರ್ನ್‌ಟೇಬಲ್‌ನಿಂದ ಬರೋ ಕೇಬಲ್ ಎಷ್ಟುದ್ದ ಅಂತ ಕೇಳಿರಲಿಲ್ಲ. ನೀನು ಕೇಳೋ ಪ್ಲೇಟು ಮೊನೊನೋ ಸ್ಟೀರಿಯೋನೋ, 78 ಇವೆಯಾ ಅಂತಲೂ ಇಲ್ಲ. ನಮ್ಮೂರಲ್ಲಿ ಮದುವೆ, ಜಾತ್ರೆಗೆ ಮೈಕ್ ಸೆಟ್ ಹಾಕೋ ಅಣ್ಣ ಒಬ್ಬರಿದ್ದರು. ಕೆಟ್ಟ ಆಂಪ್ಲಿಫೈಯರ್ ತಂದುಕೊಟ್ಟರೆ ಅವರು ಸ್ಕ್ರೂ ಡ್ರೈವರ್ ಮುಟ್ಟೋಕೆ ಮುಂಚೆ ಹತ್ತು ಪ್ರಶ್ನೆ ಕೇಳೋರು. ಯಾವಾಗ ಗುಂಯ್ ಅನ್ನುತ್ತೆ? ಬಿಸಿ ಆದ ಮೇಲೋ ಮೊದಲೇನೋ? ಎಷ್ಟು ಹಾರ್ನ್ ಕಟ್ಟಿದ್ರಿ? ಓದಿದ್ದು ಏಳನೇ ಕ್ಲಾಸು. ಬಿಚ್ಚೋಕೆ ಮೊದಲು ಏನಾಗಿದೆ ಅಂತ ತಿಳೀಬೇಕು ಅನ್ನೋದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಕಸುಬಿನ ಜೊತೆಗೇ ಬಂದಿತ್ತು. ಇಲ್ಲಿ ನೋಡಿದರೆ ಬಿಚ್ಚೋದೇ ಕಸುಬಾಗಿದೆ.

ಐಸಿಯ ಕತೆ ಮೊದಲು ಮುಗಿಸೋಣ. ಕಡಿಮೆ ಬೆಲೆಯ ಬಹಳಷ್ಟು ಪ್ರೀಆಂಪ್‌ಗಳಲ್ಲಿ ಇರೋದು ಎನ್‌ಇ 5532 ಅನ್ನೋ ಹಳೇ ಐಸಿ. ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ಬಿಡಿ ಕಾಸಿಗೆ ಸಿಗುತ್ತೆ. ಅಗ್ಗ ಅಂದಮೇಲೆ ಕೆಟ್ಟದ್ದೇ ಇರಬೇಕು, ಅಲ್ವಾ? ಅದನ್ನು ಕಿತ್ತು ಎಲ್‌ಎಂ 4562 ಹಾಕ್ತಾರೆ. ಕಾಗದದ ಮೇಲೆ ನೋಡಿದರೆ ಇದು ಮೇಲು ಹೌದು. ಇದರ ವೋಲ್ಟೇಜ್ ನಾಯ್ಸ್ 2.7 ನ್ಯಾನೊವೋಲ್ಟ್, ಹಳೇದರದ್ದು 5. ಮಾರೋವನು ಈ ಸಾಲನ್ನು ತೋರಿಸ್ತಾನೆ. ಅದೇ ಡೇಟಾಶೀಟಿನಲ್ಲಿ ಕೆಳಗಿನ ಸಾಲು ಓದೋದಿಲ್ಲ. ಕರೆಂಟ್ ನಾಯ್ಸ್ ಹಳೇದಕ್ಕೆ 0.7 ಪಿಕೊಆಂಪ್, ಹೊಸದಕ್ಕೆ 1.6. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಅಂದರೆ ಸಾವಿರಾರು ಸುತ್ತಿನ ಸುರುಳಿ. ಅದರ ಇಂಡಕ್ಟೆನ್ಸ್ ಅರ್ಧ ಹೆನ್ರಿಯ ಆಸುಪಾಸು. 10 ಸಾವಿರ ಹರ್ಟ್ಜ್‌ನಲ್ಲಿ ಅದು 31 ಸಾವಿರ ಓಮ್ ಆಗಿ ನಿಲ್ಲುತ್ತೆ. ಐಸಿಯ ಕರೆಂಟ್ ನಾಯ್ಸ್ ಆ ಓಮ್‌ಗಳ ಮೂಲಕ ಹರಿದಾಗ ಸದ್ದಾಗಿ ಬದಲಾಗುತ್ತೆ, ಓಂನ ನಿಯಮ, ಪಿಯುಸಿ ಪಾಠ. ಹೀಗಾಗಿ ಎಂಎಂ ಕಾರ್ಟ್ರಿಡ್ಜ್ ಮುಂದೆ ಆ ದುಬಾರಿ ಐಸಿ ಹಳೇದಕ್ಕಿಂತ ಹೆಚ್ಚು ಸುಯ್ ಅನ್ನುತ್ತೆ. ದುಡ್ಡು ಕೊಟ್ಟು ಗದ್ದಲ ತಂದುಕೊಂಡ ಹಾಗೆ. ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್‌ನಲ್ಲಿ ಸುರುಳಿ ಚಿಕ್ಕದು, ಅಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿಗೆ ಹೊಸ ಐಸಿ ಹಾಕಲಿ. ಆದರೆ ಯಾವ ಕಾರ್ಟ್ರಿಡ್ಜ್ ಅಂತ ಕೇಳದವನಿಗೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಆಡಿಯೋ ಸರ್ಕ್ಯೂಟಿನ ಬಗ್ಗೆ ಡಗ್ಲಸ್ ಸೆಲ್ಫ್ ಬರೆದ ದಪ್ಪ ಪುಸ್ತಕದಲ್ಲಿ ಈ ಲೆಕ್ಕವೆಲ್ಲ ಬಿಡಿಸಿಟ್ಟಿದೆ. ಗುಟ್ಟೇನೂ ಅಲ್ಲ.

ಇನ್ನೂ ಒಂದಿದೆ. ವೇಗದ ಐಸಿಯನ್ನು ಹಳೇ ಬೋರ್ಡಿಗೆ ಸಿಕ್ಕಿಸಿದಾಗ, ಪಕ್ಕದಲ್ಲೇ ಸಪ್ಲೈ ಕೆಪಾಸಿಟರ್ ಇಲ್ಲದಿದ್ದರೆ ಅದು ಕಿವಿಗೆ ಕೇಳದ ಎತ್ತರದಲ್ಲಿ ತಾನೇ ತಾನಾಗಿ ಅರಚಿಕೊಳ್ಳೋಕೆ ಶುರುಮಾಡಬಹುದು. ಆಸಿಲೋಸ್ಕೋಪ್ ಇಟ್ಟವರಿಗೆ ಕಾಣುತ್ತೆ. ಇಡದವರು ಅದನ್ನೇ ‘ಗಾಳಿ ಬೆಳಕು ಜಾಸ್ತಿ ಆಯ್ತು’ ಅಂತ ವರ್ಣಿಸ್ತಾರೆ.

‘ಕಿವಿಗೆ ಕೇಳುತ್ತಲ್ಲ ಸಾರ್, ಮೀಟರ್ ಯಾಕೆ?’ ಅಂತ ಕೇಳೋರಿಗೆ ನನ್ನ ಉತ್ತರ ಸಣ್ಣದು. ಕಿವಿಯಿಂದಲೇ ನೋಡೋಣ, ಆದರೆ ಕಣ್ಣು ಮುಚ್ಚಿ. ಹಳೇ ಡಬ್ಬಿ ಹೊಸ ಡಬ್ಬಿ ಎರಡನ್ನೂ ಒಂದೇ ಮಟ್ಟದ ಸದ್ದಿಗೆ ಮೀಟರ್ ಇಟ್ಟು ಹೊಂದಿಸಿ. ಯಾಕಂದ್ರೆ ಅರ್ಧ ಡೆಸಿಬಲ್ ಜೋರಿದ್ದರೂ ಜೋರಿದ್ದದ್ದೇ ಚೆಂದ ಅನ್ನಿಸುತ್ತೆ. ಆಮೇಲೆ ಮನೆಯವರ ಕೈಲಿ ತಂತಿ ಬದಲಾಯಿಸಿಕೊಂಡು ಹದಿನೈದು ಸಲ ಹೇಳಿ, ಯಾವುದು ಯಾವುದು ಅಂತ. ಈ ಪಂದ್ಯಕ್ಕೆ ನಾನು ಕರೆದಾಗಲೆಲ್ಲ ಮಾಡ್ ಮಂದಿಗೆ ಬೇರೆ ಕೆಲಸ ಬಂದುಬಿಡುತ್ತೆ.

ಹಾಗಾದ್ರೆ ಏನನ್ನು ಮುಟ್ಟಬೇಕು? ಮೊದಲನೆಯದು ಡಬ್ಬಿಯ ಬಾಗಿಲಲ್ಲೇ ಇದೆ. ಕಾರ್ಟ್ರಿಡ್ಜ್ ಒಳಗಿನ ಸುರುಳಿ ಒಂದು ಕಡೆ, ಕೇಬಲ್ ಮತ್ತು ಪ್ರೀಆಂಪಿನ ಬಾಯಲ್ಲಿರೋ ಕೆಪಾಸಿಟೆನ್ಸ್ ಇನ್ನೊಂದು ಕಡೆ. ಇವೆರಡೂ ಸೇರಿ ರೇಡಿಯೋದ ಟ್ಯೂನಿಂಗ್ ಸರ್ಕ್ಯೂಟಿನ ಹಾಗೆ ಒಂದು ಜಾಗದಲ್ಲಿ ಅನುರಣಿಸುತ್ತವೆ. ನಮ್ಮಲ್ಲಿ ಈಗ ಬಹಳ ಜನ ಇಟ್ಟುಕೊಂಡಿರೋ ಆಡಿಯೋ ಟೆಕ್ನಿಕಾ ವಿಎಂ 95ಇ ತೆಗೆದುಕೊಳ್ಳಿ. ಇಂಡಕ್ಟೆನ್ಸ್ 550 ಮಿಲಿಹೆನ್ರಿ. ತಯಾರಕರು ಹೇಳಿರೋ ಒಟ್ಟು ಕೆಪಾಸಿಟೆನ್ಸ್ 100ರಿಂದ 200 ಪಿಕೊಫ್ಯಾರಡ್. 150 ಇದ್ದರೆ ಅನುರಣನೆ 17 ಸಾವಿರ ಹರ್ಟ್ಜ್ ದಾಟಿ ಬೀಳುತ್ತೆ, ಕಿವಿಗೆ ತೊಂದರೆ ಇಲ್ಲ. ಆದರೆ ಕೇಬಲ್‌ನದ್ದು ಮೀಟರಿಗೆ ನೂರರ ಆಸುಪಾಸು ಇರುತ್ತೆ, ಟೋನ್‌ಆರ್ಮ್ ಒಳಗಿನ ತಂತಿಯದ್ದು ಸ್ವಲ್ಪ, ಪ್ರೀಆಂಪಿನ ಒಳಗೆ 220. ಉದ್ದದ ಕೇಬಲ್ ಹಾಕಿ ನೋಡಿ, ಒಟ್ಟು ಸಲೀಸಾಗಿ 450 ಮುಟ್ಟುತ್ತೆ. ಆಗ ಅನುರಣನೆ ಇಳಿದು 10 ಸಾವಿರ ಹರ್ಟ್ಜ್‌ಗೆ ಬಂದು ಕೂರುತ್ತೆ. ಅದರ ಕೆಳಗೆ ಒಂದು ಗುಡ್ಡ, ಅದರ ಮೇಲೆ ಇಳಿಜಾರು. ಪಿಟೀಲು ಚುಚ್ಚುತ್ತೆ, ಹೆಣ್ಣು ದನಿಯಲ್ಲಿ ‘ಸ’ಕಾರ ಉಗಿದ ಹಾಗೆ ಬರುತ್ತೆ, ಅದೇ ಹೊತ್ತಿಗೆ ತಾಳದ ಕಿಣಿ ಕಿಣಿ ಸತ್ತುಹೋಗಿರುತ್ತೆ. ಜನ ಇದನ್ನು ಕಾರ್ಟ್ರಿಡ್ಜ್‌ನ ಗುಣ ಅಂದುಕೊಂಡು ಇನ್ನೊಂದು ಕಾರ್ಟ್ರಿಡ್ಜ್ ಕೊಳ್ತಾರೆ. ಪ್ರೀಆಂಪ್ ಬಾಯಲ್ಲಿರೋ ಆ 220ರ ಬಿಳಿ ಚುಕ್ಕೆಯಂಥ ಕೆಪಾಸಿಟರ್ ತೆಗೆದು 47 ಹಾಕಿದರೆ, ಇಲ್ಲವೇ ಪೂರ್ತಿ ತೆಗೆದೇಬಿಟ್ಟರೆ, ಕತೆ ಮುಗೀತು. ಎರಡು ಚಾನೆಲ್‌ಗೂ ಸೇರಿ ಒಂದು ಕಾಫಿಯ ದುಡ್ಡು ಆಗೋದಿಲ್ಲ. ಇದು ಎಲ್ಲರಿಗೂ ಒಂದೇ ಔಷಧಿಯಲ್ಲ ಕಣ್ರೀ. ಆರ್ಟೊಫಾನ್ 2ಎಂ ರೆಡ್ ಕೇಳೋದು 150ರಿಂದ 300. ಅದಕ್ಕೇ ಮೊದಲು ಕಾರ್ಟ್ರಿಡ್ಜ್ ಹೆಸರು ಕೇಳಬೇಕು ಅಂದದ್ದು. ನಾಲ್ಕು ಬೆಲೆಯ ಕೆಪಾಸಿಟರ್‌ಗೆ ಒಂದು ಸಣ್ಣ ಡಿಪ್ ಸ್ವಿಚ್ ಕೂರಿಸಿಕೊಟ್ಟರೆ ಅದು ನಿಜವಾದ ಮಾಡ್. ಅದಕ್ಕೆ ಬೇಕಾದರೆ ಎರಡು ಸಾವಿರ ಕೂಲಿ ಕೇಳಲಿ, ನ್ಯಾಯ ಅಂತೀನಿ.

ಎರಡನೆಯದು ತಲೆಬರಹದ ಸ್ವಿಚ್ಚು.

ನಮ್ಮ ಮನೆಗಳ ಅಟ್ಟದಿಂದ ಇಳಿಯೋ ಕನ್ನಡದ ಪ್ಲೇಟುಗಳು ಯಾವುವು? ಅರವತ್ತರ ದಶಕದ ಚಿತ್ರಗೀತೆಗಳ ಚಿಕ್ಕ ಇಪಿಗಳು, ನಾಟಕದ ಹಾಡು, ಹರಿಕಥೆ, ದೇವರನಾಮ. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿ ಹಾಡಿದ್ದಾರಲ್ಲ, ಆ ಕಾಲದವು. ಎಲ್ಲ ಮೊನೊ. ಮೊನೊ ಪ್ಲೇಟಿನಲ್ಲಿ ಸಂಗೀತ ಇರೋದು ಗೆರೆಯ ಎಡಬಲ ಓಲಾಟದಲ್ಲಿ ಮಾತ್ರ. ಮೇಲೆ ಕೆಳಗೆ ಸೂಜಿ ಕುಣಿದರೆ ಅದು ಧೂಳು, ಸವೆತ, ಟರ್ನ್‌ಟೇಬಲ್‌ನ ಗುಡುಗು, ಪ್ಲೇಟಿನ ಸೊಟ್ಟ, ಇಷ್ಟೇ. ನಮ್ಮ ಇಂದಿನ ಕಾರ್ಟ್ರಿಡ್ಜ್‌ಗಳು ಸ್ಟೀರಿಯೋ. ಅವು ಆ ಮೇಲೆ ಕೆಳಗಿನ ಕುಣಿತವನ್ನೂ ಶ್ರದ್ಧೆಯಿಂದ ಹೆಕ್ಕಿ ತಂದು ಎರಡು ಸ್ಪೀಕರಿಗೂ ಹಂಚುತ್ತವೆ. ಸ್ಟೀರಿಯೋ ಗೆರೆಯ ಲೆಕ್ಕದ ಪ್ರಕಾರ ಅಡ್ಡ ಓಲಾಟ ಎರಡು ಚಾನೆಲ್ಲಿನಲ್ಲೂ ಒಂದೇ ದಿಕ್ಕಿಗೆ ಬರುತ್ತೆ, ಲಂಬ ಕುಣಿತ ವಿರುದ್ಧ ದಿಕ್ಕಿಗೆ. ಎರಡು ಚಾನೆಲ್ಲನ್ನೂ ಕೂಡಿಸಿದರೆ ಸಂಗೀತ ಉಳಿಯುತ್ತೆ, ಲಂಬದ ಕಸ ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತೆ. ಇದಕ್ಕೆ ಬೇಕಾದ್ದು ಎರಡು ಔಟ್‌ಪುಟ್ಟಿಗೂ ಸರಣಿಯಲ್ಲಿ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್, ಅವುಗಳ ಆಚೆ ತುದಿಗಳನ್ನು ಕೂಡಿಸೋ ಒಂದು ಟಾಗಲ್ ಸ್ವಿಚ್ಚು. ಇಪ್ಪತ್ತು ರೂಪಾಯಿ. ಸವೆದ ಇಪಿ ಹಾಕಿ, ಹಾಡಿನ ನಡುವೆ ಆ ಸ್ವಿಚ್ಚು ಒತ್ತಿ ನೋಡಿ. ಸ್ಪೀಕರುಗಳ ನಡುವೆ ಹರಡಿಕೊಂಡಿದ್ದ ಚಿಟಪಟ ಕುಗ್ಗಿ, ಪಿ.ಬಿ. ಶ್ರೀನಿವಾಸರ ದನಿ ನಡುವೆ ಬಂದು ನಿಲ್ಲುತ್ತೆ. ಕಣ್ಣು ಮುಚ್ಚಿ ಹದಿನೈದು ಸಲ ಕೇಳಿದರೂ ಹದಿನೈದು ಸಲವೂ ಸರಿಯಾಗಿ ಹೇಳ್ತೀರಿ.

ಹಳೇ ಆಂಪ್ಲಿಫೈಯರ್‌ಗಳಲ್ಲಿ ಈ ಮೊನೊ ಸ್ವಿಚ್ಚು ಮಾಮೂಲಿ ಇರ್ತಿತ್ತು. ಈಗಿನ ಡಬ್ಬಿಗಳಲ್ಲಿ ಕಿತ್ತುಹಾಕಿದ್ದಾರೆ, ಲಕ್ಷ ರೂಪಾಯಿಯವುಗಳಲ್ಲೂ ಎಷ್ಟೋ ಸಲ ಇಲ್ಲ. ಮುಖ ಸ್ವಚ್ಛ ಕಾಣಬೇಕಂತೆ! ಮಾಡ್ ಮಾಡೋರಿಗೂ ಇದು ಬೇಡ, ಯಾಕಂದ್ರೆ ಇಪ್ಪತ್ತು ರೂಪಾಯಿಯ ವಸ್ತುವಿಗೆ ಚಿನ್ನದ ಬಣ್ಣ ಬಳಿಯೋಕಾಗಲ್ಲ.

ಬೇಸ್ ವಿಚಾರಕ್ಕೆ ಬರೋಣ, ಇಲ್ಲಿ ಮಾಡ್ ಮಂದಿ ಮಾಡೋದು ಬರೀ ದಂಡವಲ್ಲ, ಹಾನಿ. 1976ರಲ್ಲಿ ಐಇಸಿ ಅನ್ನೋ ಅಂತಾರಾಷ್ಟ್ರೀಯ ಮಂಡಳಿ ಆರ್‌ಐಎಎ ಲೆಕ್ಕಕ್ಕೆ ನಾಲ್ಕನೇ ಸಂಖ್ಯೆ ಸೇರಿಸಿತು, 7950 ಮೈಕ್ರೊಸೆಕೆಂಡ್. ಅಂದ್ರೆ 20 ಹರ್ಟ್ಜ್‌ನಿಂದ ಕೆಳಗಿನದನ್ನು ಮೆಲ್ಲಗೆ ಇಳಿಸೋದು. ಸೊಟ್ಟಾದ ಪ್ಲೇಟು ಸೂಜಿಯನ್ನು ಎತ್ತಿ ಇಳಿಸೋ ಕದಲಿಕೆ ಸ್ಪೀಕರಿಗೆ ಹೋಗಬಾರದು ಅಂತ ಉದ್ದೇಶ. ಮಾಡ್ ಮಾಡೋರು ಇದನ್ನು ‘ಬೇಸ್ ಕತ್ತು ಹಿಸುಕೋ ಕೆಪಾಸಿಟರ್’ ಅಂತ ಕರೆದು, ತೆಗೆದು, ಹತ್ತು ಪಟ್ಟು ದೊಡ್ಡದು ಹಾಕ್ತಾರೆ. ಬಯಲುಸೀಮೆಯ ಬಿಸಿಲಲ್ಲಿ ಹಂಚಿನ ಮನೆಯ ಅಟ್ಟದ ಮೇಲೆ ನಲವತ್ತು ಬೇಸಿಗೆ ಕಳೆದ ಎಲ್‌ಪಿ ಹೇಗಿರುತ್ತೆ? ತವೆಯ ಮೇಲಿನ ರೊಟ್ಟಿ ಥರ ಉಬ್ಬಿರುತ್ತೆ. ಅದನ್ನು ಹಾಕಿದರೆ ವೂಫರ್ ಕೋನು ಹಾಡಿಗೂ ತನಗೂ ಸಂಬಂಧವಿಲ್ಲದ ಹಾಗೆ ಮುಂದೆ ಹಿಂದೆ ಹೋಗ್ತಾ ಇರುತ್ತೆ. ಆಂಪ್ಲಿಫೈಯರ್ ಶಕ್ತಿ ಅದಕ್ಕೇ ಖರ್ಚಾಗಿ, ತಬಲಾದ ಬಾಯಾ ಬಂದಾಗ ದನಿ ಒಡೆಯುತ್ತೆ.

ನ್ಯಾಯವಾಗಿ ಹೇಳಬೇಕಂದ್ರೆ ಐಇಸಿಯದ್ದೂ ಅರ್ಧಂಬರ್ಧ ಉಪಾಯವೇ. 20 ಹರ್ಟ್ಜ್‌ನಲ್ಲಿ 3 ಡೆಸಿಬಲ್ ತಿನ್ನುತ್ತೆ, ನಿಜವಾದ ಕಾಟ ಇರೋ 4 ಹರ್ಟ್ಜ್‌ನಲ್ಲಿ ಇಳಿಸೋದು ಬರೀ 14. ಹಾಗಾಗಿ ಅದನ್ನು ತೆಗೆಯೋದೇ ಆದರೆ ಜಾಗದಲ್ಲಿ 18 ಡೆಸಿಬಲ್ ಇಳಿಜಾರಿನ ಸಬ್‌ಸಾನಿಕ್ ಫಿಲ್ಟರ್ ಹಾಕಿ. ಮೂರು ಕೆಪಾಸಿಟರ್, ಮೂರು ರೆಸಿಸ್ಟರ್, ಐಸಿಯ ಅರ್ಧ ಭಾಗ. ಇದೂ ಮಾಡ್ ತಾನೇ? ಇದನ್ನು ಯಾಕೆ ಯಾರೂ ಮಾಡಿಕೊಡಲ್ಲ?

ಗುಂಯ್ ಸದ್ದಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ನಮ್ಮ ಕರೆಂಟು 50 ಹರ್ಟ್ಜ್. ಆರ್‌ಐಎಎ ಕರ್ವ್ 50 ಹರ್ಟ್ಜ್ ಅನ್ನು 17 ಡೆಸಿಬಲ್, ಅಂದ್ರೆ ಏಳು ಪಟ್ಟು ಎತ್ತುತ್ತೆ. ಆದ್ದರಿಂದ ಸ್ವಲ್ಪ ಗುಂಯ್ ಅಂದರೂ ಜೋರಾಗಿ ಕೇಳುತ್ತೆ. ಅದಕ್ಕೆ ಬೆಳ್ಳಿ ತಂತಿ ಬೇಡ. ಟರ್ನ್‌ಟೇಬಲ್ ಹಿಂದೆ ನೇತಾಡೋ ಸಣ್ಣ ಗ್ರೌಂಡ್ ತಂತಿಯನ್ನು ಪ್ರೀಆಂಪಿನ ಸ್ಕ್ರೂಗೆ ಕಟ್ಟಿ. ಕಾರ್ಟ್ರಿಡ್ಜ್ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಇಡಬೇಡಿ. ಕರೆಂಟು ಹೋಗಿ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಶುರುವಾದಾಗ ಜಿರ್ರ್ ಅನ್ನುತ್ತಾ? ಕರೆಂಟು ಬರೋವರೆಗೂ ಪುಸ್ತಕ ಓದಿ.

ಮೂರನೆಯದು 78ರ ವಿಷಯ, ನನ್ನ ಸಿಟ್ಟಿನ ಮೂಲ ಇಲ್ಲಿದೆ. ಬೇರೆ ದೇಶಗಳಲ್ಲಿ 78 ನಿಂತುಹೋದ ಮೇಲೂ ನಮ್ಮಲ್ಲಿ ಬರ್ತಾನೇ ಇದ್ದವು. ಬೀಟಲ್ಸ್ ಹಾಡುಗಳು ಕೂಡ ಭಾರತದಲ್ಲಿ 78ರ ತಟ್ಟೆಯಾಗಿ ಬಂದಿದ್ದವು ಅಂದ್ರೆ ನೋಡಿ. ಕಲ್ಕತ್ತೆಯ ಡಂಡಂ ಕಾರ್ಖಾನೆಯಿಂದ ಹೊರಟ ಅರಗಿನ ತಟ್ಟೆಗಳು ಕರ್ನಾಟಕದ ಮೂಲೆ ಮೂಲೆಯ ಮನೆಗಳಲ್ಲಿ ಇನ್ನೂ ಇವೆ. ಈಗ ಅವನ್ನು ಇಳಿಸಿ, ಒರೆಸಿ, ಲ್ಯಾಪ್‌ಟಾಪಿಗೆ ಹಾಕೋ ಉತ್ಸಾಹ ಬಂದಿದೆ. ಯಾವ ಪ್ರೀಆಂಪ್ ಮೂಲಕ? ಇದೇ ಹದಿನೆಂಟು ಸಾವಿರದ ಮಾಡ್ ಆದ ಪ್ರೀಆಂಪ್ ಮೂಲಕ, ಅಂದರೆ 1954ರಲ್ಲಿ ಹುಟ್ಟಿದ ಆರ್‌ಐಎಎ ಮೂಲಕ. ಮೂವತ್ತರ ದಶಕದಲ್ಲಿ ಕೊರೆದ ತಟ್ಟೆಗೆ 1954ರ ಲೆಕ್ಕ ಹೇಗೆ ಹೊಂದಬೇಕು? ಮೋಡಿ ಲಿಪಿಯ ಕಾಗದವನ್ನು ದೇವನಾಗರಿ ಅಂದುಕೊಂಡು ಓದಿದ ಹಾಗೆ.

ಗಂಗೂಬಾಯಿ ಹಾನಗಲ್ಲರನ್ನೇ ತಗೊಳ್ಳಿ. ಮೂವತ್ತರ ದಶಕದಲ್ಲಿ ‘ಗಾಂಧಾರಿ’ ಅನ್ನೋ ಹೆಸರಲ್ಲಿ ಅವರ ತಟ್ಟೆಗಳು ಬಂದವು. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿಯೇ ಬದಲಾಯಿತು. ನಮಗೆಲ್ಲ ಪರಿಚಯ ಇರೋದು ಆ ನಂತರದ ದಪ್ಪ, ಗಂಭೀರ ಕಂಠ. ಅವರ ಎಳೆಯ ದನಿ ಹೇಗಿತ್ತು ಅಂತ ತಿಳೀಬೇಕಾದರೆ ಆ ತಟ್ಟೆಗಳೇ ಸಾಕ್ಷಿ. ಆ ಕಾಲದ ಇಎಂಐ ಪದ್ಧತಿಯಲ್ಲಿ ಬೇಸ್ ಇಳಿಸ್ತಿದ್ದದ್ದು ಸುಮಾರು 250 ಹರ್ಟ್ಜ್ ಕೆಳಗೆ, ಟ್ರೆಬಲ್ಲನ್ನು ಎತ್ತುತ್ತಲೇ ಇರಲಿಲ್ಲ. ಆರ್‌ಐಎಎ ತಿಳಿದುಕೊಂಡಿರೋದು ಬೇಸ್ 500ರ ಕೆಳಗೆ ಇಳಿದಿದೆ, ಟ್ರೆಬಲ್ ಎತ್ತಿದ್ದಾರೆ ಅಂತ. ಹಾಗಾಗಿ ಅದು ಎತ್ತದೇ ಇದ್ದ ಟ್ರೆಬಲ್ಲನ್ನು ಇಳಿಸುತ್ತೆ. 5 ಸಾವಿರ ಹರ್ಟ್ಜ್‌ನಲ್ಲಿ 8 ಡೆಸಿಬಲ್, ಅದಕ್ಕಿಂತ ಮೇಲೆ ಇನ್ನೂ ಜಾಸ್ತಿ. 100 ಹರ್ಟ್ಜ್‌ನಲ್ಲಿ ಬೇಕಿದ್ದದ್ದಕ್ಕಿಂತ 5 ಡೆಸಿಬಲ್ ಹೆಚ್ಚು ಬೇಸ್ ತುಂಬುತ್ತೆ. ಫಲ ಏನು? ಎಳೆಯ ಚೂಪು ದನಿ ಕಂಬಳಿ ಹೊದ್ದುಕೊಂಡು ಬರುತ್ತೆ. ಕೇಳಿದ ಮೊಮ್ಮಗ ‘ಹಳೇ ರೆಕಾರ್ಡು, ಹೀಗೇ ಇರುತ್ತೆ’ ಅಂತಾನೆ. ಹೀಗೇ ಇರಲ್ಲ ಕಣಪ್ಪಾ! ತಟ್ಟೆಯಲ್ಲಿ ದನಿ ಇದೆ, ನಿನ್ನ ಡಬ್ಬಿ ಅದನ್ನು ಒರೆಸಿ ಹಾಕ್ತಿದೆ. ಮುಂದೆ ಆಗೋದು ಇನ್ನೂ ಕೆಟ್ಟದ್ದು. ಆ ಎಂಪಿ3 ನಾಲ್ಕು ಜನಕ್ಕೆ ಹೋಗುತ್ತೆ, ‘ಡಿಜಿಟೈಸ್ ಆಯ್ತಲ್ಲ’ ಅಂತ ತಟ್ಟೆ ಗುಜರಿಗೆ ಹೋಗುತ್ತೆ.

ಸೂಜಿಯದ್ದೂ ಅದೇ ಹಣೆಬರಹ. ಎಲ್‌ಪಿಯ ಸೂಜಿ ತುದಿ 18 ಮೈಕ್ರಾನ್ ಆಸುಪಾಸು, 78ರ ಗೆರೆಗೆ ಬೇಕಾದ್ದು 65ರಿಂದ 75. ಸಣ್ಣ ಸೂಜಿ ದೊಡ್ಡ ಗೆರೆಯ ತಳಕ್ಕೆ ಇಳಿದು ಎಂಬತ್ತು ವರ್ಷದ ಕೊಳೆಯಲ್ಲಿ ಉಳುತ್ತಾ ಹೋಗುತ್ತೆ. ಮೇಲೆ ಹೇಳಿದ ವಿಎಂ 95 ದೇಹಕ್ಕೇ 78ರ ಸೂಜಿ ಬೇರೆ ಸಿಗುತ್ತೆ, ಎಳೆದು ತೆಗೆದು ಸಿಕ್ಕಿಸಿದರಾಯ್ತು. ಅದರ ಬೆಲೆ ಆ ‘ಆಡಿಯೋ ಗ್ರೇಡ್’ ಕೆಪಾಸಿಟರ್‌ಗಳಿಗಿಂತ ಕಡಿಮೆ.

ಮನೆಯಲ್ಲಿ 78 ಇರೋರು ಹೀಗೆ ಮಾಡಿ. ಸರಿಯಾದ ಸೂಜಿಯಲ್ಲಿ, ಮೊನೊ ಮಾಡಿ, ನಿಮ್ಮ ಪ್ರೀಆಂಪ್ ಮೂಲಕವೇ ರೆಕಾರ್ಡ್ ಮಾಡಿಕೊಳ್ಳಿ, ಎಂಪಿ3 ಅಲ್ಲ, 24 ಬಿಟ್ ವೇವ್ ಫೈಲು. ಆರ್‌ಐಎಎ ಅನ್ನೋದು ಬರೀ ಗಣಿತ, ಆಡಾಸಿಟಿ ಥರದ ಉಚಿತ ತಂತ್ರಾಂಶದಲ್ಲಿ ಅದನ್ನು ವಾಪಸ್ ತೆಗೆದು ಬೇರೆ ಕರ್ವ್ ಹಾಕಬಹುದು. ಮೊದಲ ಫೈಲನ್ನು ಮುಟ್ಟದೇ ಹಾಗೇ ಇಡಿ. ಯಾವ ಪ್ರೀಆಂಪ್, ಯಾವ ಸೂಜಿ, ಆಮೇಲೆ ಯಾವ ಕರ್ವ್ ಹಾಕಿದಿರಿ ಅಂತ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ನಾವು ಆಫೀಸಿನಲ್ಲಿ ಎರಡು ಸಾಲಿನ ಕೋಡಿಗೆ ನಾಲ್ಕು ಸಾಲು ಕಾಮೆಂಟ್ ಬರೀತೀವಿ, ಅಜ್ಜಿ ಕೇಳಿದ ಹಾಡಿಗೆ ಒಂದು ಸಾಲು ಬರೆಯೋಕೇನು ಧಾಡಿ? ಮತ್ತೆ, ತಟ್ಟೆಯನ್ನು ಗುಜರಿಗೆ ಹಾಕಬೇಡಿ.

ಕೆಪಾಸಿಟರ್ ಬದಲಾಯಿಸೋದೇ ಮೋಸ ಅಂತ ನಾನು ಹೇಳಿದೆ ಅಂತ ಯಾರಾದರೂ ಹೋಗಿ ಚಾಡಿ ಹೇಳ್ತಾರೆ, ಅದಕ್ಕೆ ಇದನ್ನೂ ಬರೆದುಬಿಡ್ತೀನಿ. ಮೂವತ್ತು ವರ್ಷದ ಹಳೇ ಆಂಪ್ಲಿಫೈಯರ್ ಆದರೆ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರ್ತವೆ, ಅವನ್ನು ಧಾರಾಳವಾಗಿ ಬದಲಾಯಿಸಿ. ನಮ್ಮ ಸೆಕೆಗೆ ಅವು ಬೇಗ ಒಣಗ್ತವೆ, ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಅನ್ನೋದು ಕಸುಬಿನವರ ಲೆಕ್ಕ. ಇನ್ನು ಆರ್‌ಐಎಎ ಲೆಕ್ಕ ಕಟ್ಟೋ ನಾಲ್ಕೈದು ಬಿಡಿಭಾಗ. ಅಲ್ಲಿ ಬೆಲೆಗಿಂತ ನಿಖರತೆ ಮುಖ್ಯ. ಅಗ್ಗದ ಡಬ್ಬಿಯಲ್ಲಿ 10 ಪರ್ಸೆಂಟ್ ಅತ್ತಿತ್ತ ಇರೋ ಕೆಪಾಸಿಟರ್ ಹಾಕಿರ್ತಾರೆ. 75 ಮೈಕ್ರೊಸೆಕೆಂಡ್‌ನಲ್ಲಿ 10 ಪರ್ಸೆಂಟ್ ತಪ್ಪಿದರೆ ಏರು ಸ್ವರವೆಲ್ಲ 0.8 ಡೆಸಿಬಲ್‌ನಷ್ಟು ಓರೆಯಾಗುತ್ತೆ, ಅದು ಕೇಳುತ್ತೆ. ಎಡಕ್ಕೊಂದು ಬಲಕ್ಕೊಂದು ಥರ ತಪ್ಪಿದ್ದರೆ ಹಾಡುವವರು ಸ್ವರಕ್ಕೊಂದು ಸಲ ಜಾಗ ಬದಲಾಯಿಸಿದ ಹಾಗೆ ಇರುತ್ತೆ. 1 ಪರ್ಸೆಂಟಿನ ಫಿಲ್ಮ್ ಕೆಪಾಸಿಟರ್ ತಂದು, ಎರಡು ಚಾನೆಲ್ಲಿಗೂ ಅಳೆದು ಜೋಡಿ ಮಾಡಿ ಹಾಕಿ. ಲೆಕ್ಕವೇ ತಪ್ಪಿರೋ ವಿನ್ಯಾಸಗಳೂ ಉಂಟು. 1979ರಲ್ಲಿ ಸ್ಟ್ಯಾನ್ಲಿ ಲಿಪ್‌ಶಿಟ್ಜ್ ಅನ್ನೋ ಗಣಿತದ ಪ್ರಾಧ್ಯಾಪಕರು ಆಡಿಯೋ ಎಂಜಿನಿಯರ್‌ಗಳ ಸೊಸೈಟಿಯ ಜರ್ನಲ್ಲಿನಲ್ಲಿ ಸರಿಯಾದ ಸೂತ್ರಗಳನ್ನು ಬಿಡಿಸಿ ಬರೆದದ್ದೇ ಬಹಳಷ್ಟು ತಯಾರಕರು ತಪ್ಪು ಸೂತ್ರ ಇಟ್ಟುಕೊಂಡಿದ್ದರು ಅಂತ. ನಿಮ್ಮ ಡಬ್ಬಿ ಸರಿಯಿದೆಯೋ ಇಲ್ಲವೋ ನೋಡೋಕೆ ಒಂದು ಉಲ್ಟಾ ಆರ್‌ಐಎಎ ಜಾಲ, ಒಂದು ಸೌಂಡ್ ಕಾರ್ಡು, ಒಂದು ಭಾನುವಾರ ಮಧ್ಯಾಹ್ನ ಸಾಕು. ಮಾಡ್ ಮಾಡಿಸೋಕೆ ಮೊದಲು ಒಂದು ಗ್ರಾಫು, ಆದ ಮೇಲೆ ಒಂದು ಗ್ರಾಫು ಕೇಳಿ. ಕೊಡೋಕೆ ಒಪ್ಪದವನ ಕೈಗೆ ಡಬ್ಬಿ ಕೊಡಬೇಡಿ.

ಮಾಡ್ ಕಸುಬಿನವರಿಗೂ ಒಂದು ಬೇಡಿಕೆ ಇದೆ. ನಿಮ್ಮ ಕೈಯಲ್ಲಿ ಸೋಲ್ಡರಿಂಗ್ ಐರನ್ ಇದೆ, ಗಿರಾಕಿ ಇದ್ದಾರೆ, ಅಂಗಡಿಯಲ್ಲಿ ಟೇಬಲ್ಲಿದೆ. ಮುಂದಿನ ಡಬ್ಬಿ ಬಂದಾಗ ಬೆಳ್ಳಿ ತಂತಿ ಬಿಟ್ಟು ಮೂರು ಸ್ವಿಚ್ಚು ಹಾಕಿಕೊಡಿ: ಕಾರ್ಟ್ರಿಡ್ಜ್‌ಗೆ ತಕ್ಕ ಕೆಪಾಸಿಟೆನ್ಸಿಗೆ ಒಂದು, ಮೊನೊಗೆ ಒಂದು, 78ಕ್ಕೆ ಬೇಸ್ ತಿರುವು ಬದಲಾಯಿಸಿ ಟ್ರೆಬಲ್ ಇಳಿತ ತೆಗೆಯೋಕೆ ಒಂದು. ಆಮೇಲೆ ಹದಿನೆಂಟು ಸಾವಿರವೇ ಕೇಳಿ, ನಾಲ್ಕು ಜನ ಗಿರಾಕಿಗಳನ್ನು ನಾನೇ ಕಳಿಸಿಕೊಡ್ತೀನಿ.